ಕೊರವ ಮೀನಿಗೆ ಗಾಳ: ಕಡಿಮೆ ಬೆಲೆಯ ಒಳ್ಳೆ ರೀಲ್ ಆರಿಸೋದು ಹೇಗೆ?

ಕೆರೆ ನೀರು ಹರಿದು ಬರುವ ಮಣ್ಣಿನ ಹೊಂಡಕ್ಕೆ ಕೊರವ ಮೀನು ಸೇರಿಕೊಂಡ್ರೆ ಕಾಟ್ಲಾ, ರೋಹು ಮರಿಗಳಿಗೆ ಉಳಿಗಾಲವಿಲ್ಲ. ಬಲೆ ಎಳೆದರೆ ಅದು ಕೆಸರಲ್ಲಿ ಹುದುಗಿ ತಪ್ಪಿಸಿಕೊಳ್ಳುತ್ತೆ. ಬೇಸಿಗೆಯಲ್ಲಿ ಹೊಂಡ ಬತ್ತುವ ತನಕ ಕಾಯೋಕಾಗದ ರೈತರಿಗೆ ಗಾಳವೇ ದಾರಿ. ಅದಕ್ಕಾಗಿ ಸ್ಪಿನ್ನಿಂಗ್ ರೀಲ್ ಕೊಳ್ಳುವಾಗ ನಾನು ನೋಡುವುದು ಇಷ್ಟು.

ಗಾತ್ರ: 2500 ಅಥವಾ 3000 ನಂಬರಿನದು ಸಾಕು. ಆರೇಳು ಅಡಿ ಕೋಲಿಗೆ ಸರಿಹೊಂದುತ್ತೆ. ಅದಕ್ಕಿಂತ ದೊಡ್ಡದಾದರೆ ಕೈ ಸೋಲುತ್ತೆ.

ಬೇರಿಂಗ್: ಡಬ್ಬಿ ಮೇಲೆ 12, 13 ಬೇರಿಂಗ್ ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಅದಕ್ಕೆ ಮರುಳಾಗಬೇಡಿ. ಒಳ್ಳೆಯವು ಮೂರ್ನಾಲ್ಕು ಇದ್ದರೂ ಕೆಲಸ ನಡೆಯುತ್ತೆ.

ಡ್ರ್ಯಾಗ್: ಮೀನು ಜಗ್ಗಿದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಬ್ರೇಕ್ ಇದು. ದುಡ್ಡು ಹಾಕಬೇಕಾದ್ದು ಇದಕ್ಕೇ. ಅಂಗಡಿಯಲ್ಲೇ ದಾರ ಸುತ್ತಿಸಿ, ಸ್ವಲ್ಪ ಬಿಗಿ ಮಾಡಿ ಎಳೆದು ನೋಡಿ. ಒಂದೇ ಸಮನೆ ಬಂದರೆ ಒಳ್ಳೆಯದು. ತಡೆದು ತಡೆದು ಬಂದರೆ ಬೇಡ. ದೊಡ್ಡ ಕೊರವ ಜಗ್ಗಿದ ಏಟಿಗೆ ದಾರ ಹರಿಯುತ್ತೆ.

ದಾರ ಹಾಯುವ ಪುಟ್ಟ ಗಾಲಿ: ಬೆರಳಿಂದ ಸವರಿದರೆ ತಿರುಗಬೇಕು. ತಿರುಗದಿದ್ದರೆ ದಾರ ಸವೆದು, ಸುರುಳಿಗಟ್ಟುತ್ತೆ.

ಹಿಡಿ: ತಿರುಗಿಸುವಾಗ ಅಲ್ಲಾಡಬಾರದು, ಕರಕರ ಸದ್ದು ಬರಬಾರದು.

ಇಷ್ಟು ಸರಿಯಿದ್ದರೆ 2000 ರೂಪಾಯಿ ಒಳಗಿನ ರೀಲೇ ನಮಗೆ ಧಾರಾಳ. ಉಳಿದ ಹಣಕ್ಕೆ ಒಳ್ಳೆ ದಾರ, ಪ್ಲಾಸ್ಟಿಕ್ ಕಪ್ಪೆ ತಗೊಳ್ಳಿ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಲ್ಲಿಡಿ.

ಇನ್ನೊಂದು ಮಾತು: ಹಿಡಿದ ಕೊರವನನ್ನು ಜೀವಂತ ಇಟ್ಟು ಮಾರಿ. ಸಂತೆಯಲ್ಲಿ ಅದಕ್ಕೆ ರೋಹುಗಿಂತ ಹೆಚ್ಚು ಬೆಲೆ.