ವಾಂಗೆನ್ ಊರಿನ ಮಿನಾರು

ಊರಿನ ಕಟ್ಟಡ ಸಮಿತಿಯ ಮುಂದೆ ಬರುವ ಅರ್ಜಿಗಳು ಗೋಡೆ, ಮಾಡು, ಎಲ್ಲೆಕಲ್ಲುಗಳ ಚರ್ಚೆಯಲ್ಲಿಯೇ ಮುಗಿಯುವುದು ವಾಡಿಕೆ. ಸ್ವಿಟ್ಜರ್ಲೆಂಡಿನ ಓಲ್ಟೆನ್ ಪಟ್ಟಣದ ನೆರೆಯಲ್ಲಿರುವ ವಾಂಗೆನ್ ಎಂಬ ಊರಿನಲ್ಲಿ 2005ರಲ್ಲಿ ಸಲ್ಲಿಸಿದ ಅರ್ಜಿಯೊಂದರ ವ್ಯಾಜ್ಯವಾದರೋ ಆ ದೇಶದ ಸಂವಿಧಾನದ ತಿದ್ದುಪಡಿಯವರೆಗೆ ಬೆಳೆಯಿತು.

ಅಲ್ಲಿನ ತುರ್ಕಿ ಸಾಂಸ್ಕೃತಿಕ ಸಂಘವು ತನ್ನ ಕಟ್ಟಡದ ಮೇಲೆ 6 ಮೀಟರ್ ಎತ್ತರದ ಮಿನಾರೊಂದನ್ನು ನಿಲ್ಲಿಸಲು ಅನುಮತಿ ಕೇಳಿತು. ಕಟ್ಟಡ ಮೊದಲೇ ಇದ್ದಿತು. ಹೊಸದಾಗಿ ಬರಲಿದ್ದುದು ಹೊರಗೆ ಕಾಣುವ ಗುರುತು ಮಾತ್ರ. ಪರಸ್ಥಳದಲ್ಲಿ ಸಂಘ ಕಟ್ಟಿದವರಿಗೆ ಇದರ ಮರ್ಮ ತಿಳಿಯದ್ದಲ್ಲ. ಬಾಡಿಗೆಯ ಕೊಠಡಿಯಲ್ಲಿ ಸೇರುವವರೆಗೆ ಯಾರೂ ಕೇಳರು. ಬೀದಿಗೆ ಕಾಣುವಂತೆ ಫಲಕ ಏರಿತೆಂದರೆ ನೆರೆಯವರಲ್ಲಿ ಪ್ರಶ್ನೆಗಳು ಏಳುತ್ತವೆ.

ನೆರೆಹೊರೆಯವರು ಗುಂಪುಗೂಡಿ ವಿರೋಧಿಸಿದರು. ಊರಿನ ಸಮಿತಿ ಅರ್ಜಿಯನ್ನು ತಳ್ಳಿಹಾಕಿತು. ಸಂಘವು ಸೊಲೊಥುರ್ನ್ ಕ್ಯಾಂಟನ್ನಿನ, ಎಂದರೆ ಆ ಪ್ರಾಂತದ, ಇಲಾಖೆಗೆ ಮೇಲ್ಮನವಿ ಮಾಡಿ ಗೆದ್ದಿತು. ಆಮೇಲೆ ನ್ಯಾಯಾಲಯದ ಮೆಟ್ಟಿಲೇರಿದವರು ವಿರೋಧಿಗಳು ಮತ್ತು ಊರಿನ ಆಡಳಿತ. ಅವರು ಕ್ಯಾಂಟನ್ನಿನ ನ್ಯಾಯಾಲಯದಲ್ಲಿ ಸೋತರು. 2007ರಲ್ಲಿ ಒಕ್ಕೂಟದ ಸರ್ವೋಚ್ಚ ನ್ಯಾಯಾಲಯವೂ ಅದೇ ತೀರ್ಪನ್ನು ಎತ್ತಿಹಿಡಿಯಿತು. 2009ರಲ್ಲಿ ಮಿನಾರು ನಿಂತಿತು.

ಅಷ್ಟರೊಳಗೆ ವಿವಾದ ಊರಿನ ಎಲ್ಲೆಯನ್ನು ದಾಟಿತ್ತು. ಕೆಲವು ಕ್ಯಾಂಟನ್ನುಗಳಲ್ಲಿ ನಿಷೇಧವನ್ನು ತರಲು ನಡೆದ ಯತ್ನಗಳನ್ನು ಅಲ್ಲಲ್ಲಿನ ಶಾಸನಸಭೆಗಳು ಸಂವಿಧಾನಬಾಹಿರವೆಂದು ಅನೂರ್ಜಿತಗೊಳಿಸಿದವು. ಆದರೆ ಒಕ್ಕೂಟದ ಸಂವಿಧಾನವನ್ನೇ ತಿದ್ದುವ ಹಕ್ಕು ಸ್ವಿಸ್ ಮತದಾರನಿಗೆ ಉಂಟು: 18 ತಿಂಗಳೊಳಗೆ ಒಂದು ಲಕ್ಷ ಸಹಿ ಕೂಡಿಸಿದರೆ ವಿಷಯ ಜನಮತಕ್ಕೆ ಹೋಗಬೇಕು. ಜನರ ಹಾಗೂ ಕ್ಯಾಂಟನ್ನುಗಳ ಬಹುಮತ ಎರಡೂ ದೊರೆತರೆ ತಿದ್ದುಪಡಿ ಜಾರಿಗೆ ಬರುವುದು. ಸ್ವಿಸ್ ಪೀಪಲ್ಸ್ ಪಾರ್ಟಿ ಮತ್ತು ಫೆಡರಲ್ ಡೆಮಾಕ್ರಟಿಕ್ ಯೂನಿಯನ್ ಪಕ್ಷಗಳ ಮುಂದಾಳುಗಳು ಹಿಡಿದುದು ಈ ದಾರಿಯನ್ನೇ.

ಸರಕಾರವೂ ಸಂಸತ್ತೂ ಈ ಸೂಚನೆಯನ್ನು ತಿರಸ್ಕರಿಸಬೇಕೆಂದು ಜನರಿಗೆ ಸಲಹೆ ಮಾಡಿದ್ದವು. ಆದಾಗ್ಯೂ 2009ರ ನವೆಂಬರ್ 29ರಂದು ಶೇಕಡಾ 57.5 ಮತಗಳು ನಿಷೇಧದ ಪರವಾಗಿ ಬಿದ್ದವು. ಆಗ ದೇಶದಲ್ಲಿದ್ದ ಮಿನಾರುಗಳು ನಾಲ್ಕೇ ನಾಲ್ಕು: ಜ್ಯೂರಿಕ್, ಜಿನೀವಾ, ವಿಂಟರ್‌ಥುರ್, ವಾಂಗೆನ್. ಜ್ಯೂರಿಕ್ಕಿನದು 1963ರಷ್ಟು ಹಳೆಯದು. ಎದುರಿಗೇ ಒಂದು ಇಗರ್ಜಿ ಇದೆ.

ಸ್ಥಳೀಯರ ಮಾತಿಗೆ ಬೆಲೆಯಿರಬೇಕೆಂಬ ಕೂಗಿನಿಂದ ಮೊದಲಾದ ಚಳವಳಿಯು ಕಸಿದುಕೊಂಡುದು ಸ್ಥಳೀಯರ ಅಧಿಕಾರವನ್ನೇ ಎಂಬುದು ಇಲ್ಲಿ ವಿಚಾರಾರ್ಹ. ಜಿನೀವಾ, ವೋ, ನ್ಯೂಶಾಟೆಲ್ ಮತ್ತು ಬಾಸೆಲ್ ನಗರ, ಈ ನಾಲ್ಕು ಕ್ಯಾಂಟನ್ನುಗಳು ನಿಷೇಧವನ್ನು ಒಲ್ಲೆವೆಂದಿದ್ದವು. ಈಗ ಅಲ್ಲಿಯ ಊರುಗಳು ಕೂಡ, ನೆರೆಯವರೆಲ್ಲ ಒಪ್ಪಿದರೂ, ಮಿನಾರಿಗೆ ಅನುಮತಿ ಕೊಡಲಾರವು. ವಾಂಗೆನ್ನಿನ ಸಮಿತಿಗೆ 'ಬೇಡ' ಎನ್ನುವ ಅಧಿಕಾರವಿಲ್ಲವೆಂದು ನ್ಯಾಯಾಲಯ ಹೇಳಿತ್ತು. 'ಆಗಲಿ' ಎನ್ನುವ ಅಧಿಕಾರ ಇನ್ನು ಯಾವ ಸಮಿತಿಗೂ ಉಳಿಯಲಿಲ್ಲ.

ನಿಷೇಧದ ವಿರುದ್ಧ ಕೆಲವರು ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರಿತ್ತರು. 2011ರಲ್ಲಿ ಆ ನ್ಯಾಯಾಲಯ ದೂರುಗಳನ್ನು ವಿಚಾರಣೆಗೇ ಅಂಗೀಕರಿಸಲಿಲ್ಲ. ದೂರುದಾರರು ಮಿನಾರು ಕಟ್ಟಲು ಹೊರಟವರಲ್ಲ, ಆದುದರಿಂದ ನೇರವಾಗಿ ಬಾಧಿತರಾದವರೂ ಅಲ್ಲ ಎಂಬುದು ಅದರ ಕಾರಣ. ವಾಂಗೆನ್ನಿನ ಮಿನಾರು ಮಾತ್ರ, ನಿಷೇಧಕ್ಕೆ ಮೊದಲು ಕಟ್ಟಿದುದಾದ್ದರಿಂದ, ಅಬಾಧಿತವಾಗಿ ಉಳಿಯಿತು.