ಮನು ಮಾಡಿದ್ದು ಪ್ರೀತಿಯೋ, ಪೆದ್ದುತನವೋ?

ಅಂತರಘಟ್ಟೆ: ಅಮ್ಮನ ಜಾತ್ರೆಗೆ ಎತ್ತಿನ ಗಾಡಿ ಓಡಿಸೋದ್ರಲ್ಲಿ ಎಷ್ಟು ಪೈಪೋಟಿಯೋ, ಬಸ್ಸಿಗೆ ಕಾದು ನಿಂತಾಗ ಸಿನಿಮಾ ಮಾತಿಗೂ ಅಷ್ಟೇ ಪೈಪೋಟಿ! ಹೇಮಂತ್ ರಾವ್ ನಿರ್ದೇಶನದ ‘ಸಪ್ತ ಸಾಗರದಾಚೆ ಎಲ್ಲೋ’ 2023ರ ಸೆಪ್ಟೆಂಬರ್ 1 ಮತ್ತು ನವೆಂಬರ್ 17ರಂದು ಎರಡು ಭಾಗವಾಗಿ ತೆರೆ ಕಂಡಿತು. ಅದರ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಕಥೆ ಗೊತ್ತಲ್ಲ? ಸಾಹುಕಾರರ ಕಾರು ಓಡಿಸೋ ಮನು (ರಕ್ಷಿತ್ ಶೆಟ್ಟಿ). ಹಾಡುವ ಹುಡುಗಿ ಪ್ರಿಯಾ (ರುಕ್ಮಿಣಿ ವಸಂತ್). ಇಬ್ಬರಿಗೂ ಒಂದು ಮನೆಯ ಕನಸು. ಧಣಿಯ ಮಗ ಮಾಡಿದ ಅಪಘಾತವನ್ನು ಮನು ದುಡ್ಡಿಗಾಗಿ ತನ್ನ ತಲೆಗೆ ಕಟ್ಟಿಕೊಂಡ. ಬೇಗ ಬಿಡಿಸ್ತೀನಿ ಅಂದ ಧಣಿ ಸತ್ತ. ಮನು ಒಳಗೇ ಉಳಿದ.

ಮೊದಲ ಭಾಗ ನೋಡಿ ಕಣ್ಣೊರೆಸಿಕೊಂಡವರು ಉಂಟು. ಎರಡನೆಯದರಲ್ಲಿ ಸೇಡು ಬೇಕಿತ್ತು, ಬರೀ ಕೊರಗೇ ಜಾಸ್ತಿ ಆಯ್ತು ಅನ್ನೋರೂ ಉಂಟು. ಚೈತ್ರಾ ಆಚಾರ್ ಅಭಿನಯದ ಬಗ್ಗೆ ಮಾತ್ರ ತಕರಾರಿಲ್ಲ.

ಆದರೆ ಅಸಲು ವಾದ ಬೇರೆ. ಪ್ರೀತಿಗಾಗಿ ಜೈಲಿಗೆ ಹೋದ, ಗಂಡಸು ಅಂದ್ರೆ ಅವನು ಎಂಬುದು ಒಂದು ಪಕ್ಷ. ಕಾಸಿನಾಸೆಗೆ ಕೆಟ್ಟ ಎಂಬುದು ಇನ್ನೊಂದು.

ಗಲ್ಲಾಪೆಟ್ಟಿಗೆ ಹಿಂದೆ ಕೂತವರಿಗೆ ಇದು ಬರೀ ಸಿನಿಮಾ ಅಲ್ಲ ಸ್ವಾಮಿ. ಇನ್ನೊಬ್ಬರ ಸಾಲಕ್ಕೆ ಜಾಮೀನು ಸಹಿ ಹಾಕಿ, ಸಾಲಗಾರ ಕೈಯೆತ್ತಿದ ಮೇಲೆ ನೋಟೀಸು ತಮ್ಮ ಬಾಗಿಲಿಗೆ ಬಂದಾಗ ತಿಳಿಯುತ್ತೆ, ಬಾಯಿಮಾತಿನ ಬೆಲೆ ಎಷ್ಟು ಅಂತ. ಮನು ನಂಬಿದ್ದೂ ಬಾಯಿಮಾತನ್ನೇ!

ಪ್ರೀತಿ ದೊಡ್ಡದೇ, ಒಪ್ಪೋಣ. ಆದರೆ ಲೆಕ್ಕ ಹಾಕಿ ನೋಡಿ: ಜೈಲಿಗೆ ಹೋದವನು ಒಬ್ಬನೇ, ಬದುಕು ಕಳಕೊಂಡವರು ಇಬ್ಬರು.