ಕಾರಿನ ಮಡ್‌ಫ್ಲ್ಯಾಪು: ಅಳತೆ, ಕತ್ತರಿಕೆ, ಜೋಡಣೆ

ನಮ್ಮ ಬಂಧುಗಳಲ್ಲಿ ಟ್ಯಾಕ್ಸಿ ನಡೆಸುವವರು, ಯಜಮಾನರ ಕಾರಿಗೆ ಡ್ರೈವರಾಗಿರುವವರು, ಗ್ಯಾರೇಜಿನಲ್ಲಿ ದುಡಿಯುವವರು ಅನೇಕರಿದ್ದಾರೆ. ಕಾರಿನ ಗಾಲಿಯ ಹಿಂದೆ ತೂಗುವ ಮಡ್‌ಫ್ಲ್ಯಾಪು ಅಲ್ಪ ವಸ್ತುವೆಂದು ಯಾರೂ ತಿಳಿಯಬಾರದು. ಮಳೆಗಾಲದಲ್ಲಿ ಹಿಂದೆ ಬರುವ ಸ್ಕೂಟರಿನವನ ಕಣ್ಣಿಗೆ ರಾಡಿ ಹಾರಿದರೆ ಆತ ಬೀಳಬಹುದು. ಟೈರಿಗೆ ಸಿಕ್ಕ ಕಲ್ಲು ಹಾರಿ ಕಾರಿನ ಬಣ್ಣ ಕಿತ್ತರೆ, ಅಲ್ಲಿಂದಲೇ ತುಕ್ಕು ಆರಂಭ.

ಉರುಳುವ ಟೈರು ತನಗಂಟಿದ ನೀರನ್ನೂ ಕೆಸರನ್ನೂ ಹಿಂದಕ್ಕೆ, ಮೇಲಕ್ಕೆ ಎಸೆಯುತ್ತದೆ. ಅದನ್ನು ತಡೆಯಲು ಫ್ಲ್ಯಾಪು ಟೈರಿನ ಪೂರ್ತಿ ಅಗಲವನ್ನು ಮುಚ್ಚಬೇಕು. ಕೆಳಕ್ಕೆ ಇಳಿದಷ್ಟೂ ತಡೆ ಹೆಚ್ಚು. ಆದರೆ ತೀರ ಇಳಿದರೆ ರಸ್ತೆಯ ಉಬ್ಬಿಗೆ ಬಡಿದು ಹರಿಯುತ್ತದೆ. ನೆಲದಿಂದ 10ರಿಂದ 15 ಸೆಂಟಿಮೀಟರು ಎತ್ತರ ಸಾಮಾನ್ಯವಾಗಿ ಸರಿ. ಬದಿಗೆ ಚಿಮ್ಮುವ ನೀರನ್ನು ಇದು ಪೂರ್ತಿ ತಡೆಯದು. ಅದಕ್ಕೆ ವೇಗ ತಗ್ಗಿಸುವುದೇ ಮದ್ದು.

ಆ ಕಾರಿಗೆಂದೇ ಮಾಡಿದ ಫ್ಲ್ಯಾಪು ಸಿಕ್ಕರೆ ಕತ್ತರಿಸುವ ಕೆಲಸವಿಲ್ಲ. ಎಲ್ಲ ಕಾರಿಗೂ ಹೊಂದುವುದೆಂದು ಮಾರುವ ರಬ್ಬರಿನದಾದರೆ, ಮೊದಲು ದಪ್ಪ ಕಾಗದದಲ್ಲಿ ನಮೂನೆ ಕತ್ತರಿಸಿ ಮಡ್‌ಗಾರ್ಡಿನ ಅಂಚಿಗೆ ಹಿಡಿದು ನೋಡಬೇಕು. ಎಡಗಡೆಗೆ ಸರಿಹೋದ ನಮೂನೆಯನ್ನು ಮಗುಚಿದರೆ ಬಲಗಡೆಯದು ಸಿದ್ಧ. ರಬ್ಬರಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆಯ ಹೊರಗೆ ತುಸು ಬಿಟ್ಟೇ ಕತ್ತರಿಸಬೇಕು. ಹೆಚ್ಚಾದುದನ್ನು ಮತ್ತೆ ತೆಗೆಯಬಹುದು, ಕಡಿಮೆಯಾದುದನ್ನು ಕೂಡಿಸಲಾಗದು. ಹರಿತವಾದ ಚಾಕುವಿಗೆ ಸಾಬೂನಿನ ನೀರು ಸವರಿದರೆ ರಬ್ಬರು ಸಲೀಸಾಗಿ ಕೊಯ್ಯುತ್ತದೆ. ಒಳಮೂಲೆಯನ್ನು ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಹರಿಯುತ್ತದೆ. ಆದ್ದರಿಂದ ಮೂಲೆಯಲ್ಲಿ ಚಿಕ್ಕ ತೂತು ಕೊರೆದು ಅಲ್ಲಿಯವರೆಗೆ ಮಾತ್ರ ಕೊಯ್ಯಬೇಕು. ಗಟ್ಟಿ ಪ್ಲಾಸ್ಟಿಕ್ಕಿಗೆ ಹ್ಯಾಕ್ಸಾ ಬ್ಲೇಡು, ಅಂಚು ನಯ ಮಾಡಲು ಅರ ಸಾಕು.

ಜೋಡಿಸುವ ಮುನ್ನ ಜಾಗವನ್ನು ತೊಳೆದು ಒಣಗಿಸಬೇಕು. ಕಂಪನಿಯವರೇ ಹಾಕಿದ ಸ್ಕ್ರೂ ತೂತುಗಳಿದ್ದರೆ ಅವನ್ನೇ ಬಳಸುವುದು ಲೇಸು. ಹೊಸ ತೂತು ಬೇಕಾದರೆ ಮೊದಲು ಮಾಲೀಕರ ಒಪ್ಪಿಗೆ ಪಡೆಯಿರಿ. ನಂತರ ತಗಡಿನ ಹಿಂಬದಿಯಲ್ಲಿ ವಯರಾಗಲಿ ಬ್ರೇಕಿನ ಪೈಪಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊರೆದ ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿದು ಒಣಗಿಸದಿದ್ದರೆ ಫ್ಲ್ಯಾಪೇ ತುಕ್ಕಿಗೆ ದಾರಿ ಮಾಡಿಕೊಟ್ಟಂತೆ. ಸ್ಕ್ರೂವಿನ ತಲೆ ರಬ್ಬರನ್ನು ಕೊರೆಯದಂತೆ ಅಗಲ ವಾಷರು ಹಾಕಿ. ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಕೂರಿಸಿ, ನೇರ ನೋಡಿ, ಆಮೇಲೆ ಬಿಗಿಯಿರಿ.

ಗಾಲಿ ಕಳಚಬೇಕಾದರೆ ಸಮನೆಲದಲ್ಲಿ ಹ್ಯಾಂಡ್‌ಬ್ರೇಕು ಎಳೆದು, ಉಳಿದ ಗಾಲಿಗಳಿಗೆ ಕಲ್ಲು ಕೊಡಿ. ಜಾಕನ್ನೊಂದನ್ನೇ ನಂಬಿ ಕಾರಿನ ಕೆಳಗೆ ನುಸುಳಬೇಡಿ. ಜಾಕು ಜಾರಿದರೆ ಪ್ರಾಣಕ್ಕೇ ಅಪಾಯ.

ಕೊನೆಯ ಪರೀಕ್ಷೆ ಮಾತ್ರ ಗಾಲಿಗಳು ನೆಲದ ಮೇಲಿರುವಾಗಲೇ ಆಗಬೇಕು. ಜಾಕಿನ ಮೇಲೆ ಗಾಲಿ ಕೆಳಕ್ಕೆ ಜೋತುಬೀಳುವುದರಿಂದ ಅಲ್ಲಿ ಕಂಡ ಅಂತರ ನಿಜವಲ್ಲ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮುಂಗಾಲಿಗೂ ಫ್ಲ್ಯಾಪಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ತೆರಪಿದೆಯೇ ನೋಡಿ. ನಾಲ್ವರನ್ನು ಕೂರಿಸಿ ಮತ್ತೊಮ್ಮೆ ನೋಡಿ. ಭಾರಕ್ಕೆ ಕಾರು ತಗ್ಗುತ್ತದೆ. ಮೆಲ್ಲಗೆ ಓಡಿಸಿದಾಗ ಉಜ್ಜುವ ಸದ್ದು ಕೇಳಿದರೆ ಆ ಜಾಗವನ್ನಷ್ಟೇ ತುಸು ಕತ್ತರಿಸಿ. ವಾರ ಕಳೆದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಯಿರಿ.

ಈ ಕೆಲಸಕ್ಕೆ ಬೇಕಾದುದು ದೊಡ್ಡ ಬಂಡವಾಳವಲ್ಲ, ತಾಳ್ಮೆ. ಕೈಯಾರೆ ಕಲಿತವನಿಗೆ ನಾಳೆ ನಾಲ್ಕು ಕಾಸು ಬರುವ ಕಸುಬೂ ಆದೀತು. ಮಳೆ ಹಿಡಿಯುವ ಮೊದಲೇ ಒಂದು ರಜೆಯ ದಿನವನ್ನು ಇದಕ್ಕೆ ಮೀಸಲಿಡಬೇಕೆಂದು ನಮ್ಮ ಸಲಹೆ.